ಓದುಗರ ಪ್ರಶ್ನೆ: ಹಳೆಯ ಎಂ.ಜಿ.ಬಿ. ಕಾರಿಗೆ ಮೊದಲು ಎಲ್ಲಿ ಕೈ ಹಾಕಬೇಕು?

ಕಳೆದ ಸಂಚಿಕೆಯಲ್ಲಿ ಹಳೆಯ ಬ್ರಿಟಿಷ್ ಕಾರುಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹುಡ್ (ಮಡಚುವ ಬಟ್ಟೆಯ ಚಾವಣಿ) ತೆರೆಯುವ ಎರಡು ಸೀಟಿನ ಕಾರುಗಳ ಬಗ್ಗೆ, ಅದರಲ್ಲೂ ಎಂ.ಜಿ.ಬಿ. ರೋಡ್‌ಸ್ಟರ್ ಬಗ್ಗೆ ಇವೆ. ಆಕ್ಸ್‌ಫರ್ಡ್ ಪಕ್ಕದ ಆ್ಯಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಕಾರು ತಯಾರಾಯಿತು. ಗಟ್ಟಿ ಚಾವಣಿಯ ಜಿ.ಟಿ.ಯನ್ನೂ ಸೇರಿಸಿದರೆ ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ಬಿಡಿಭಾಗ ಇಂದಿಗೂ ಧಾರಾಳವಾಗಿ ಸಿಗುವುದು ಅದಕ್ಕೇ. ಹರಿಹರದಲ್ಲಿ ಲೇತ್ ಮೇಲೆ ಕೈ ಪಳಗಿಸಿಕೊಂಡು ಬ್ರಿಟನ್ನಿಗೆ ಬಂದ ನನಗೆ ಈ ಕಾರಿನ ಮೇಲೆ ಪ್ರೀತಿ ಹುಟ್ಟಿದ್ದೂ ಅದರ ಸರಳತನದಿಂದ. ನಾಲ್ಕು ಪಾನಾ, ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಇದ್ದವನು ಇದರ ಬಹುಪಾಲು ಕೆಲಸವನ್ನು ತಾನೇ ಮಾಡಿಕೊಳ್ಳಬಹುದು.

ರೆಡಿಂಗ್‌ನಿಂದ: ಸರ್, ನಾನು ಶಿವಮೊಗ್ಗದವನು, ಇಲ್ಲಿ ಸಾಫ್ಟ್‌ವೇರ್ ಕೆಲಸ. 1972ರ ಕೆಂಪು ಎಂ.ಜಿ.ಬಿ. ಒಂದನ್ನು ನೋಡಿ ಬಂದಿದ್ದೇನೆ. ಹೊಸ ಪೇಂಟ್ ಆಗಿದೆ, ಕ್ರೋಮ್ ಎಲ್ಲ ಮಿರಮಿರ ಮಿಂಚುತ್ತಿದೆ, ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ನನ್ನ ಹೆಂಡತಿಗೂ ಇಷ್ಟವಾಗಿದೆ. ಮುಂಗಡ ಕೊಡಲೇ?

ಈಗಲೇ ಬೇಡ. ಇನ್ನೊಂದು ಸಲ ಹೋಗಿ ನೋಡಿ. ಹೋಗುವಾಗ ಹಳೇ ಪ್ಯಾಂಟು ಹಾಕಿಕೊಳ್ಳಿ, ಒಂದು ಟಾರ್ಚು, ತೆಳು ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ನೀವು ಬರೆದಿರುವ ಪೇಂಟ್, ಕ್ರೋಮ್, ಎಂಜಿನ್ ಈ ಮೂರೂ ಈ ಕಾರಿನ ಬೆಲೆ ನಿರ್ಧರಿಸುವ ಸಂಗತಿಗಳಲ್ಲ. ಎಂಜಿನ್ 1,798 ಸಿ.ಸಿ.ಯ, ನಾಲ್ಕು ಸಿಲಿಂಡರಿನ, ಎರಕದ ಕಬ್ಬಿಣದ ಗಟ್ಟಿ ಜೀವ. ಅದು ಪೂರ್ತಿ ಕೆಟ್ಟಿದ್ದರೂ ಬಿಚ್ಚಿ ರಿಪೇರಿ ಮಾಡಿಸುವುದು ಕಷ್ಟವಲ್ಲ. ನೀವು ಹಣ ಕೊಡುತ್ತಿರುವುದು ಕಾರಿನ ತಗಡಿನ ಬಾಡಿಗಾಗಿ, ಅದರಲ್ಲೂ ಬಾಡಿಯ ಕೆಳಭಾಗಕ್ಕೆ.

ಕಾರಣ ಹೇಳುತ್ತೇನೆ. ಇದಕ್ಕಿಂತ ಮುಂಚಿನ ಎಂ.ಜಿ.ಎ. ಕಾರಿಗೆ ಬೇರೆಯೇ ಚಾಸಿ ಇತ್ತು, ಅದರ ಮೇಲೆ ಬಾಡಿ ಕೂರಿಸುತ್ತಿದ್ದರು. ಎಂ.ಜಿ.ಬಿ.ಗೆ ಹಾಗೆ ಚಾಸಿ ಇಲ್ಲ, ತಗಡಿನ ಬಾಡಿಯೇ ಎಲ್ಲ ಭಾರವನ್ನೂ ಹೊರಬೇಕು. ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆ ಎರಡು ತುದಿ ಹಿಡಿದು ತಿರುಚಿದರೆ ಹೇಗೆ ಬಳುಕುತ್ತದೋ, ಚಾವಣಿಯಿಲ್ಲದ ಕಾರೂ ಹಾಗೆಯೇ. ಅದು ನಡುವೆ ಕುಸಿಯದಂತೆ ಹಿಡಿದಿರುವುದು ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ತಗಡಿನ ತೊಲೆ. ಅದನ್ನೇ ಸಿಲ್ ಅನ್ನುವುದು. ಹೊರಗೊಂದು ತಗಡು, ಒಳಗೊಂದು, ನಡುವೆ ನಿಂತ ಮತ್ತೊಂದು, ಕೆಳಗೆ ಇವನ್ನು ಬೆಸೆಯುವ ಇನ್ನೊಂದು. ಮಳೆನೀರು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಇವೆರಡೂ ಒಳಗೆ ಸೇರಿ ಅಲ್ಲೇ ಕೂರುತ್ತವೆ. ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಪೇಂಟ್ ಮೇಲೆ ಒಂದು ಗುಳ್ಳೆ ಎದ್ದಿತು ಅಂದರೆ ಒಳಗಿನ ಕೆಲಸ ಆಗಲೇ ಮುಗಿದಿರುತ್ತದೆ.

ಆದ್ದರಿಂದ ಮೊದಲು ಬಾಗಿಲು ಮುಚ್ಚಿ, ಅದರ ಹಿಂಬದಿ ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇದೆಯೇ ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಕುಸಿದಿದೆ. ಆಮೇಲೆ ಮಾರುವವರ ಒಪ್ಪಿಗೆ ಪಡೆದು, ಸಿಲ್‌ನಲ್ಲಿರುವ ಜಾಕ್ ಜಾಗಕ್ಕೆ ಜಾಕ್ ಕೊಟ್ಟು ನಿಧಾನ ಎತ್ತಿ. ಗಟ್ಟಿ ಕಾರಾದರೆ ಚಕ್ರ ನೆಲ ಬಿಡುತ್ತದೆ, ಬಾಗಿಲು ಮೊದಲಿನಂತೆಯೇ ತೆರೆದು ಮುಚ್ಚುತ್ತದೆ. ಕೊಳೆತ ಕಾರಾದರೆ ಜಾಕ್ ತಗಡಿನೊಳಕ್ಕೆ ಹೋಗುತ್ತದೆ, ಇಲ್ಲವೇ ಬಾಗಿಲು ಸಿಕ್ಕಿಕೊಳ್ಳುತ್ತದೆ. ಮಾರುವವರು ಜಾಕ್ ಹಾಕಲು ಬಿಡದಿದ್ದರೆ ನಮಸ್ಕಾರ ಹೇಳಿ ಬಂದುಬಿಡಿ.

ಅಯಸ್ಕಾಂತವನ್ನು ಸಿಲ್ ಉದ್ದಕ್ಕೂ, ಬಾಗಿಲ ಹಿಂದೆ ಹಿಂಚಕ್ರದ ಕಮಾನಿಗೆ ಸೇರುವ ಮೂಲೆಗೂ, ಚಕ್ರದ ಕಮಾನುಗಳಿಗೂ ಸವರಿಕೊಂಡು ಹೋಗಿ. ಅದು ಹಿಡಿಯದ ಕಡೆ ತಗಡಿನ ಬದಲು ಪುಟ್ಟಿ ಇದೆ. ಸೀಟುಗಳ ಹಿಂದಿನ ಕಾರ್ಪೆಟ್ ಎತ್ತಿ ಬ್ಯಾಟರಿ ಪೆಟ್ಟಿಗೆಗಳನ್ನು ನೋಡಿ. 1974ರವರೆಗಿನ ಕಾರುಗಳಲ್ಲಿ ಅಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತಿದ್ದವು. ಆ್ಯಸಿಡ್ ಚೆಲ್ಲಿ, ಕೆಳಗಿನಿಂದ ಕೆಸರು ಸಿಡಿದು ಪೆಟ್ಟಿಗೆಯ ತಳ ಹೋಗಿರುವುದು ಸಾಮಾನ್ಯ. ಕೊನೆಗೆ ಕಾರಿನ ಕೆಳಗೆ ಮಲಗಿ, ಹಿಂದಿನ ಪಟ್ಟಿ ಸ್ಪ್ರಿಂಗುಗಳ ಮುಂತುದಿ ಬಾಡಿಗೆ ಸೇರುವ ಜಾಗಕ್ಕೆ ಟಾರ್ಚು ಹಿಡಿಯಿರಿ. ಅಲ್ಲಿ ತಗಡಿನ ಮೇಲೆ ತಗಡು ಕೂರಿಸಿದ ವೆಲ್ಡಿಂಗ್ ಕಂಡರೆ ಮಾರುವವರನ್ನು ಕೇಳಿ: ಇದನ್ನು ಯಾರು, ಯಾವಾಗ ಮಾಡಿದರು, ಫೋಟೋ ಇದೆಯೇ? ಸಿಲ್ ಬದಲಾಯಿಸಿದ್ದಾರೆ ಎಂದರೂ ಇದೇ ಪ್ರಶ್ನೆ. ಹೊರ ಸಿಲ್‌ನ ಎರಡು ತುದಿಗಳೂ ಮುಂದಿನ, ಹಿಂದಿನ ವಿಂಗ್‌ಗಳ (ಚಕ್ರದ ಮೇಲಿನ ಮಡ್‌ಗಾರ್ಡ್ ತಗಡುಗಳ) ಒಳಗೆ ಅಡಗಿರುತ್ತವೆ. ಸರಿಯಾಗಿ ಮಾಡುವವರು ಬೋಲ್ಟ್ ಬಿಚ್ಚಿ ಮುಂದಿನ ವಿಂಗ್ ತೆಗೆದು, ಹಿಂದಿನ ವಿಂಗ್‌ನ ಕೆಳಭಾಗ ಕತ್ತರಿಸಿ, ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಬೆಸೆದು, ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿಗೆ ಹೋಗುತ್ತಾರೆ. ಅವಸರದವರು ಕೊಳೆತದ್ದರ ಮೇಲೆ ಹೊಸ ತಗಡು ಮುಚ್ಚಿ ಪೇಂಟ್ ಹೊಡೆಯುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಎಂಜಿನ್ನಿಗೆ ಹೆಚ್ಚು ಹೊತ್ತು ಬೇಡ. ಬಿಸಿಯಾದ ಮೇಲೆ ಓಡಿಸಿಕೊಂಡು ಹೋಗುವಾಗ ಆಯಿಲ್ ಪ್ರೆಷರ್ ಮುಳ್ಳು 50ರಿಂದ 80ರ ನಡುವೆ ನಿಲ್ಲಬೇಕು, ನಿಂತು ಐಡಲ್‌ನಲ್ಲಿದ್ದಾಗ 10ರಿಂದ 25. ಅಷ್ಟಿದ್ದರೆ ಭಯವಿಲ್ಲ. ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ನಿನ ಸುತ್ತು ಇಳಿಸುವ ಹೆಚ್ಚುವರಿ ಗೇರು) ಇದ್ದರೆ ಖಂಡಿತ ಬಿಡಬೇಡಿ, ಮೋಟರ್‌ವೇಯಲ್ಲಿ ಕಿವಿಗೂ ಎಂಜಿನ್ನಿಗೂ ಅದೊಂದು ದೊಡ್ಡ ಉಪಕಾರ.

ಇನ್ನೊಂದು ಮಾತು. 1974ರ ಕೊನೆಯಿಂದ ಬಂದ ಕಾರುಗಳಿಗೆ ಅಮೆರಿಕದ ನಿಯಮಕ್ಕಾಗಿ ದಪ್ಪ ಕಪ್ಪು ಬಂಪರ್ ಹಾಕಿ, ಕಾರನ್ನು ಒಂದೂವರೆ ಇಂಚಿನಷ್ಟು ಎತ್ತರಿಸಿದರು. ನೋಟಕ್ಕೆ ಕ್ರೋಮ್ ಬಂಪರಿನದೇ ಚೆಂದ, ತಿರುವಿನಲ್ಲೂ ಅದು ಮೇಲು. ಆದರೂ ಕೊಳೆತ ಕ್ರೋಮ್ ಬಂಪರ್ ಕಾರಿಗಿಂತ ಗಟ್ಟಿ ತಳದ ಕಪ್ಪು ಬಂಪರ್ ಕಾರನ್ನೇ ನಾನು ಮನೆಗೆ ತರುತ್ತೇನೆ.

ಲೆಸ್ಟರ್‌ನಿಂದ: ಎಂ.ಜಿ.ಬಿ. ನಮ್ಮ ಯಜಮಾನರ ಕಾರು, ಮಳೆ ಬಂದರೆ ಒಳಗೆ ಕೂತವಳು ನಾನು! ನನ್ನ ಕಾಲ ಮೇಲೆ ನೀರು ತೊಟ್ಟಿಕ್ಕುತ್ತದೆ. ಹುಡ್ ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಾಲಿನಂತೆ ಬೆಳ್ಳಗಾಗಿ ಹಿಂದೆ ಬರುವ ಗಾಡಿ ಕಾಣುವುದೇ ಇಲ್ಲ. ಹೊಸ ಹುಡ್ ಹಾಕಿಸಬೇಕೇ?

ಕಿಟಕಿ ಅಷ್ಟು ಬೆಳ್ಳಗಾಗಿದ್ದರೆ ಹಾಕಿಸಿ ತಾಯಿ, ಹಿಂದಿನದು ಕಾಣದೆ ಓಡಿಸುವುದು ಅಪಾಯ. ಸ್ವಲ್ಪ ಮಬ್ಬಾಗಿದ್ದರೆ ಮಾತ್ರ ಪ್ಲಾಸ್ಟಿಕ್ ಪಾಲಿಶ್ ಉಜ್ಜಿ ತಿಳಿಯಾಗಿಸಬಹುದು. ಆದರೆ ಕಾಲ ಮೇಲೆ ಬೀಳುವ ನೀರಿಗೆ ಹುಡ್ಡೇ ಕಾರಣ ಅಂತ ಮೊದಲೇ ತೀರ್ಮಾನಿಸಬೇಡಿ. ಗಾಜಿನ ಮುಂದೆ, ಬಾನೆಟ್ಟಿನ ಹಿಂದೆ ಹೀಟರ್‌ಗೆ ಗಾಳಿ ಹೋಗುವ ಜಾಲರಿ ಇದೆಯಲ್ಲ, ಅಲ್ಲಿ ಬಿದ್ದ ಮಳೆನೀರು ಒಂದು ರಬ್ಬರ್ ಕೊಳವೆಯ ಮೂಲಕ ಕೆಳಗೆ ಹರಿದುಹೋಗಬೇಕು. ಕಾರು ಮರದ ಕೆಳಗೆ ನಿಲ್ಲುತ್ತಿದ್ದರೆ ಎಲೆ, ಕಸ ಸೇರಿ ಆ ಕೊಳವೆ ಕಟ್ಟಿಕೊಳ್ಳುತ್ತದೆ. ನೀರು ತುಂಬಿ ಒಳಗಿಳಿದು, ಇಬ್ಬರ ಕಾಲ ಬಳಿಯ ಕಾರ್ಪೆಟ್ ನೆನೆದು, ಅದರಡಿ ನೆಲದ ತಗಡು ಕೊಳೆಯಲು ಶುರುವಾಗುತ್ತದೆ. ಜಾಲರಿಗೆ ಒಂದು ಚೊಂಬು ನೀರು ಹಾಕಿ, ಕಾರಿನಡಿ ಧಾರೆಯಾಗಿ ಬೀಳುತ್ತದೆಯೇ ನೋಡಿ. ಬೀಳದಿದ್ದರೆ ಕೆಳಗಿನಿಂದ ಕೊಳವೆ ಬಿಚ್ಚಿ ತೊಳೆಯಿರಿ. ಹಣದ ಖರ್ಚಿಲ್ಲದ ಕೆಲಸ, ಉಳಿಸುವುದು ಮಾತ್ರ ಬಹಳ.

ಅದು ಸರಿಯಿದ್ದರೆ ಬಾಗಿಲ ಗಾಜಿನ ಅಂಚಿನ ರಬ್ಬರ್, ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಹುಡ್ ಕೂರುವ ಅಂಚಿನ ರಬ್ಬರ್ ಎರಡನ್ನೂ ಬದಲಾಯಿಸಿ. ನಿಜ ಹೇಳಬೇಕೆಂದರೆ, ಜೋರು ಮಳೆಯಲ್ಲಿ ಒಂದು ಹನಿಯೂ ಬೀಳದ ಎಂ.ಜಿ.ಬಿ.ಯನ್ನು ನಾನು ನೋಡಿಲ್ಲ. ಹೊಸ ಹುಡ್ ಹಾಕಿಸುವುದೇ ಆದರೆ ವಿನೈಲ್ ಅಗ್ಗ, ತೊಳೆಯುವುದು ಸುಲಭ. ಮೊಹೇರ್ ಬಟ್ಟೆಯದು ದುಬಾರಿ, ಆದರೆ ಬಿಗಿಯಾಗಿ ಕೂರುತ್ತದೆ, ಬಾಳಿಕೆ ಹೆಚ್ಚು. ಕೂರಿಸುವ ಕೆಲಸವನ್ನು ಕೈಪಳಗಿದವರಿಗೇ ಕೊಡಿ.

ಯಜಮಾನರಿಗೆ ಈ ಮೂರು ಮಾತು ಓದಿ ಹೇಳಿ. ಒದ್ದೆ ಹುಡ್ಡನ್ನು ಮಡಚಿಡಬಾರದು, ಬೂಷ್ಟು ಹಿಡಿಯುತ್ತದೆ, ಹೊಲಿಗೆ ಕೊಳೆಯುತ್ತದೆ. ಕೊರೆಯುವ ಚಳಿಯಲ್ಲಿ ಮಡಚಬಾರದು, ಪ್ಲಾಸ್ಟಿಕ್ ಸೆಟೆದು ಸೀಳುತ್ತದೆ. ಮಡಚುವಾಗ ಕಿಟಕಿಯ ಪ್ಲಾಸ್ಟಿಕ್ ಒಂದರ ಮೇಲೊಂದು ಉಜ್ಜದಂತೆ ನಡುವೆ ಹಳೆಯ ಮೆತ್ತನೆ ಟವೆಲ್ ಇಡಬೇಕು.

ಬರ್ಮಿಂಗ್‌ಹ್ಯಾಮ್‌ನಿಂದ: ಅಂಕಲ್, ಕೀಲಿ ತಿರುಗಿಸಿದರೆ ಹಿಂದುಗಡೆಯಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಿತ್ತು. ಈಗ ಸದ್ದೂ ಇಲ್ಲ, ಕಾರೂ ಶುರುವಾಗುತ್ತಿಲ್ಲ.

ಅದು ಎಸ್.ಯು. ಕಂಪನಿಯ ಪೆಟ್ರೋಲ್ ಪಂಪ್ ತಮ್ಮಾ, ಬಲಗಡೆ ಹಿಂಚಕ್ರದ ಮುಂದೆ ಇರುತ್ತದೆ. ಕೀಲಿ ತಿರುಗಿಸಿದ ಕೂಡಲೇ ಟಿಕ್ ಟಿಕ್ ಅಂದು, ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾಗುವುದು ಅದರ ಕ್ರಮ. ಮೊದಲಿನಿಂದಲೇ ಸದ್ದಿಲ್ಲ ಅಂದರೆ ಪಂಪಿಗೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಒಳಗಿನ ಕಾಂಟ್ಯಾಕ್ಟ್ ಪಾಯಿಂಟು ಕರಿ ಹಿಡಿದಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಪಂಪಿನ ಮೇಲೆ ಮೆಲ್ಲಗೆ ತಟ್ಟು. ಟಿಕ್ ಅಂದರೆ ಪಾಯಿಂಟಿನದೇ ದೋಷ. ಮನೆ ಮುಟ್ಟಲು ಅಷ್ಟು ಸಾಕು, ಆದರೆ ಅದೇ ವಾರ ಪಾಯಿಂಟು ಬದಲಾಯಿಸು. ಬಿಡದೆ ಜೋರಾಗಿ ಟಿಕ್ ಟಿಕ್ ಅನ್ನುತ್ತಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಕಾರ್ಬುರೇಟರಿನ ಫ್ಲೋಟ್ ಸಿಕ್ಕಿಕೊಂಡು ಪೆಟ್ರೋಲ್ ಹೊರಗೆ ಚೆಲ್ಲುತ್ತಿದೆ. ಮೂರನೆಯದಾದರೆ ಮೂಗಿಗೇ ತಿಳಿಯುತ್ತದೆ, ಕೂಡಲೇ ಕೀಲಿ ಆಫ್ ಮಾಡಿ ಕಾರಿನಿಂದ ಇಳಿ.

ನಿನ್ನ ಕಾರು 1967ಕ್ಕಿಂತ ಹಿಂದಿನದಾಗಿದ್ದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಬೇರೆ ಕಾರಿನಿಂದ ಕೇಬಲ್ ಕೊಡುವ ಮೊದಲು, ಫೋನ್ ಚಾರ್ಜರ್ ಜೋಡಿಸುವ ಮೊದಲು ಅದನ್ನು ನೋಡಿಕೋ.

ಮ್ಯಾಂಚೆಸ್ಟರ್‌ನಿಂದ: ಇ10 ಪೆಟ್ರೋಲ್ ಹಾಕಬಹುದೇ? ಸೀಸ ಇಲ್ಲದ ಪೆಟ್ರೋಲಿನಿಂದ ವಾಲ್ವ್ ಹಾಳಾಗುತ್ತದೆ ಎಂದೂ ಹೇಳುತ್ತಾರೆ.

ಎರಡೂ ಬೇರೆ ಬೇರೆ ವಿಷಯ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಸೀಳುತ್ತದೆ, ಗಾಳಿಯ ತೇವವನ್ನು ಹೀರಿಕೊಂಡು ಟ್ಯಾಂಕಿನ ತಳದಲ್ಲಿ ನೀರು ಕೂಡಿಸುತ್ತದೆ. ನೀವು ಸೂಪರ್ ದರ್ಜೆಯ ಇ5 (ಎಥನಾಲ್ ಶೇ. 5ರವರೆಗೆ ಮಾತ್ರ) ಹಾಕಿ. ದುಡ್ಡು ಹೆಚ್ಚು, ಆದರೆ ಈ ಕಾರು ವರ್ಷಕ್ಕೆ ಕುಡಿಯುವುದೇ ಸ್ವಲ್ಪ. ಅದಕ್ಕಿಂತ ಮುಖ್ಯ, ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಆರ್9 ಗುರುತಿನವಕ್ಕೆ ಬದಲಾಯಿಸಿ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಕಾರ್ಬುರೇಟರ್ ಇರುವ ಎಂಜಿನ್ ಇದು. ಅಲ್ಲಿ ಪೈಪು ಸೀಳಿದರೆ ಬೆಂಕಿ. ಪೈಪಿನ ಬೆಲೆ ಲೆಕ್ಕ ಹಾಕುತ್ತ ಕೂರುವ ಜಾಗವಲ್ಲ. ಊರಿನಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೂ ಇದೇ ಮಾತು ಇನ್ನಷ್ಟು ಒತ್ತಿ ಹೇಳುತ್ತೇನೆ. ಭಾರತದ ಬಂಕುಗಳಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆತದ್ದು.

ಸೀಸದ ಮಾತು ಹೀಗೆ. ಸೀಸ ಬೆರೆತ ಪೆಟ್ರೋಲ್ 1999ರ ಕೊನೆಗೆ ಇಲ್ಲಿ ನಿಂತುಹೋಯಿತು. ಎಕ್ಸಾಸ್ಟ್ ವಾಲ್ವ್ ಕೂರುವ ಜಾಗಕ್ಕೆ ಆ ಸೀಸವೇ ರಕ್ಷಣೆಯಾಗಿತ್ತು. ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚಿ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದರೆ ಚಿಂತೆಯೇ ಇಲ್ಲ. ಹಾಕಿಸಿಲ್ಲವಾದರೆ ಅದಕ್ಕಾಗಿಯೇ ಹೆಡ್ ಬಿಚ್ಚಬೇಡಿ, ಪೆಟ್ರೋಲಿಗೆ ಬೆರೆಸುವ ದ್ರವ ಸಿಗುತ್ತದೆ. ಟ್ಯಾಪೆಟ್ ಸಂದನ್ನು (ವಾಲ್ವ್ ತುದಿಯ ಸಂದು) ಆಗಾಗ ಅಳೆಯಿರಿ, ಅದು 15 ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಭಾಗ ಇರಬೇಕು. ಸರಿಮಾಡಿದ ಮೇಲೂ ಎಕ್ಸಾಸ್ಟ್ ಕಡೆಯದು ಮತ್ತೆ ಮತ್ತೆ ಕಿರಿದಾಗುತ್ತಿದ್ದರೆ ಆಗ ವಾಲ್ವ್ ಸೀಟ್ ಸವೆಯುತ್ತಿದೆ ಎಂದು ತಿಳಿದು ಹೆಡ್ ಬಿಚ್ಚಿಸಿ.

ಎಡಿನ್‌ಬರೊದಿಂದ: ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾರನ್ನು ಗ್ಯಾರೇಜಿನಲ್ಲಿ ಮುಚ್ಚಿಡುತ್ತೇನೆ. ಪ್ರತಿ ಭಾನುವಾರ ಐದು ನಿಮಿಷ ಎಂಜಿನ್ ಶುರುಮಾಡಿ ಆಫ್ ಮಾಡುತ್ತೇನೆ. ಸಾಕೇ?

ಆ ಐದು ನಿಮಿಷವನ್ನು ದಯವಿಟ್ಟು ನಿಲ್ಲಿಸಿ. ಒಳ್ಳೆಯ ಉದ್ದೇಶದಿಂದ ಎಷ್ಟೋ ಜನ ಹೀಗೆ ಮಾಡಿ ಎಂಜಿನ್ ಕೆಡಿಸಿಕೊಳ್ಳುತ್ತಾರೆ, ನನಗೆ ಸಂಕಟವಾಗುತ್ತದೆ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಹೊರಗೆ ಹೋಗುತ್ತದೆ. ಐದು ನಿಮಿಷಕ್ಕೆ ಆಫ್ ಮಾಡಿದರೆ ಆಯಿಲಿನಲ್ಲಿ, ಸೈಲೆನ್ಸರಿನಲ್ಲಿ ನೀರಾಗಿ ಉಳಿಯುತ್ತದೆ. ಚೋಕ್ ಎಳೆದು ಶುರುಮಾಡಿದ ಹೆಚ್ಚುವರಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಬ್ಯಾಟರಿಗೂ ತೆಗೆದುಕೊಂಡಷ್ಟು ಮರಳಿ ಸೇರುವುದಿಲ್ಲ.

ಇಲ್ಲವೇ ಪೂರ್ತಿ ಮಲಗಿಸಿಡಿ. ನಿಲ್ಲಿಸುವ ಮೊದಲು 20ಡಬ್ಲ್ಯೂ50 ಆಯಿಲ್ ಹೊಸದಾಗಿ ಹಾಕಿ, ಆ್ಯಂಟಿಫ್ರೀಜ್ ಎಷ್ಟು ಚಳಿ ತಡೆಯುತ್ತದೆ ಎಂದು ಅಳೆದು, ಬ್ಯಾಟರಿಗೆ ಕಂಡೀಷನರ್ (ಚಾರ್ಜ್ ಕುಗ್ಗದಂತೆ ನೋಡಿಕೊಳ್ಳುವ ಸಾಧನ) ಜೋಡಿಸಿ. ಹ್ಯಾಂಡ್‌ಬ್ರೇಕ್ ಹಾಕಬೇಡಿ, ಹಿಂದಿನ ಡ್ರಮ್ಮಿಗೆ ಶೂ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಕಟ್ಟಿಗೆ ಕೊಡಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ತೇವ ಬೆವರುತ್ತದೆ, ಗಾಳಿಯಾಡುವ ಬಟ್ಟೆಯದೇ ಬೇಕು.

ಇಲ್ಲವೇ, ನನ್ನ ಮನಸ್ಸಿಗೆ ಒಪ್ಪುವುದು ಇದು, ಒಳ್ಳೆಯ ಮಳೆ ಬಂದು ರಸ್ತೆಯ ಉಪ್ಪು ತೊಳೆದುಹೋಗಿ, ಆಮೇಲೆ ಒಣಗಿದ ದಿನ ಹೊರಗೆ ತೆಗೆದು ಅರ್ಧ ಮುಕ್ಕಾಲು ಗಂಟೆ ಚೆನ್ನಾಗಿ ಓಡಿಸಿ. ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಬ್ರೇಕ್, ಚಕ್ರದ ಬೇರಿಂಗ್ ಎಲ್ಲವೂ ಓಡಿದರೇ ಚೆನ್ನಾಗಿರುವಂಥವು. ನಾನು ರಿಪೇರಿಗೆ ನೋಡಿದ ಕಾರುಗಳಲ್ಲಿ ಹೆಚ್ಚು ಓಡಿ ಸವೆದವಕ್ಕಿಂತ ನಿಂತು ಕೆಟ್ಟವೇ ಜಾಸ್ತಿ. ಕ್ಲಚ್ ಅಂಟಿದ್ದು, ಬ್ರೇಕ್ ಪಿಸ್ಟನ್ ಕಚ್ಚಿದ್ದು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಮೇಣವಾದದ್ದು ಎಲ್ಲ ನಿಂತದ್ದರ ಫಲ. ಬ್ರೇಕ್ ಫ್ಲೂಯಿಡ್ ಕೂಡ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಟೈರಿನ ಮೇಲಿನ ಗೀರು ಎಷ್ಟೇ ಆಳವಿರಲಿ, ಹತ್ತು ವರ್ಷ ದಾಟಿದ್ದರೆ ತೆಗೆದುಹಾಕಿ.

ಸ್ಲೌನಿಂದ: 40 ವರ್ಷ ದಾಟಿದ ಕಾರಿಗೆ ಎಂ.ಒ.ಟಿ. (ವರ್ಷಕ್ಕೊಮ್ಮೆಯ ವಾಹನ ಪರೀಕ್ಷೆ) ಬೇಡವಂತೆ. ಲಂಡನ್ನಿನ ಯು.ಎಲ್.ಇ.ಜೆಡ್. (ಹೆಚ್ಚು ಹೊಗೆಯ ವಾಹನಗಳ ಮೇಲಿನ) ಶುಲ್ಕವೂ ಇಲ್ಲವೇ? ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆಯವರೆಗೆ ಹುಡ್ ತೆರೆದುಕೊಂಡು ಹೋಗಿಬರುವ ಆಸೆ.

ಹೋಗಿಬನ್ನಿ. 40 ವರ್ಷ ದಾಟಿ, ಹಿಸ್ಟಾರಿಕ್ ವರ್ಗದಲ್ಲಿ ನೋಂದಾಯಿಸಿಕೊಂಡ ಕಾರಿಗೆ ರಸ್ತೆ ತೆರಿಗೆ ಸೊನ್ನೆ, ಯು.ಎಲ್.ಇ.ಜೆಡ್. ಕೂಡ ಇಲ್ಲ. ತೆರಿಗೆ ಸೊನ್ನೆಯಾದರೂ ಪ್ರತಿವರ್ಷ ಅರ್ಜಿ ಹಾಕಲೇಬೇಕು. ಕಂಜೆಷನ್ ಚಾರ್ಜ್‌ಗೆ ಮಾತ್ರ ಈ ರಿಯಾಯಿತಿ ಇಲ್ಲ, ಅದು ನಗರದ ನಡುಭಾಗದಲ್ಲಿ ಓಡಿಸುವುದಕ್ಕೆ ಕೊಡುವ ಬೇರೆ ಶುಲ್ಕ.

ಎಂ.ಒ.ಟಿ. ವಿನಾಯಿತಿ 2018ರ ಮೇ ತಿಂಗಳಿಂದ ಇದೆ, ಕಾರಿನ ಮೂಲ ರಚನೆ ಬದಲಾಗಿರಬಾರದು ಅಷ್ಟೆ. ಆದರೂ ನಾನು ಪ್ರತಿವರ್ಷ ಮಾಡಿಸುತ್ತೇನೆ, ನೀವೂ ಮಾಡಿಸಿ. ಗರಿಷ್ಠ ಶುಲ್ಕ 54.85 ಪೌಂಡ್. ಆ ಹಣಕ್ಕೆ ನಿಮ್ಮ ಕಾರಿನ ಮೇಲೆ ಯಾವ ಮೋಹವೂ ಇಲ್ಲದ ಒಬ್ಬರು ಅದನ್ನು ಎತ್ತಿ, ಬ್ರೇಕ್ ಪೈಪು, ಸ್ಟೀರಿಂಗು, ಸಿಲ್ಲು ಎಲ್ಲ ನೋಡಿ ಹೇಳುತ್ತಾರೆ. ಪರೀಕ್ಷೆ ಬೇಡ ಎಂದ ಕಾನೂನು, ಕೆಟ್ಟ ಕಾರನ್ನು ರಸ್ತೆಗೆ ತರಬಹುದು ಎಂದೇನೂ ಹೇಳಿಲ್ಲ. ಆ ಹೊಣೆ ಓಡಿಸುವವರದೇ. ವಿಮೆ ಮಾಡಿಸುವಾಗ ಕಾರಿನ ಬೆಲೆಯನ್ನು ಮೊದಲೇ ಇಬ್ಬರೂ ಒಪ್ಪಿ ಬರೆದುಕೊಳ್ಳುವ ಪಾಲಿಸಿಯನ್ನೇ ಕೇಳಿ.

ಮೈಸೂರಿನಿಂದ: ಸ್ವಾಮಿ, ನಮ್ಮ ತಂದೆಯವರ ಕಾಲದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಮನೆಯಲ್ಲಿದೆ. ಇದೇ ಚಾಸಿಯ ಮೇಲೆ ಇಂಗ್ಲೆಂಡಿನಲ್ಲಿ ಸ್ಪೋರ್ಟ್ಸ್ ಕಾರು ಮಾಡಿದ್ದರಂತೆ. ನಾವೂ ಚಾವಣಿ ತೆಗೆಸಿ ಓಪನ್ ಕಾರು ಮಾಡಿಸಬಹುದೇ?

ನೀವು ಕೇಳಿದ್ದು ನಿಜ. ಮದರಾಸಿನಲ್ಲಿ 1961ರಿಂದ ತಯಾರಾದ ನಿಮ್ಮ ಹೆರಾಲ್ಡ್, ಇಲ್ಲಿನ ಟ್ರಯಂಫ್ ಹೆರಾಲ್ಡ್‌ನದೇ ರೂಪ. ಮಿಕೆಲೊಟ್ಟಿ ಎಂಬ ಇಟಲಿಯ ವಿನ್ಯಾಸಕಾರನ ಕೈಯದು. ಅದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ತೆರೆದ ಸ್ಪೋರ್ಟ್ಸ್ ಕಾರು ತಂದರು. ಹೆರಾಲ್ಡ್‌ಗೆ ಬೇರೆ ಚಾಸಿ ಇರುವುದರಿಂದ, ಚಾವಣಿ ಬೋಲ್ಟ್‌ನಲ್ಲಿ ಕೂತಿರುವುದರಿಂದ, ಕೆಲಸ ಸಾಧ್ಯವೇನೋ ಹೌದು.

ಆದರೂ ಮಾಡಿಸಬೇಡಿ. ಕಾರ್ಖಾನೆಯಿಂದ ಬಂದ ರೂಪಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಜೊತೆಗೆ 2021ರ ಕೇಂದ್ರ ನಿಯಮದಲ್ಲಿ, 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಸಂಖ್ಯೆಯಲ್ಲಿ ವಿ.ಎ. ಅಕ್ಷರ. ಆ ನೋಂದಣಿಯಲ್ಲಿ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಇಷ್ಟಕ್ಕೇ. ಚಾವಣಿ ತೆಗೆಸಿದರೆ ಆ ದಾರಿಯೂ ಮುಚ್ಚುತ್ತದೆ. ಮೇಲಾಗಿ, ತೆರೆದ ಕಾರುಗಳು ಇನ್ನೂ ಸಾಕಷ್ಟಿವೆ, ನೆಟ್ಟಗೆ ಉಳಿದ ಎರಡು ಬಾಗಿಲಿನ ಮದರಾಸು ಹೆರಾಲ್ಡ್ ಎಷ್ಟಿದ್ದಾವು? ತಂದೆಯವರ ಕಾರನ್ನು ತಂದೆಯವರು ಇಟ್ಟಂತೆಯೇ ಇಡಿ.

ಅದರ ಬದಲು ಈ ಭಾನುವಾರ ಒಂದು ಕೆಲಸ ಮಾಡಿ. ಬಾನೆಟ್ ಪೂರ್ತಿ ಮುಂದಕ್ಕೆ ಬಾಗಿಸಿ. ಮುಂಚಕ್ರದ ಹಿಂದೆ ನಿಂತ ಉಕ್ಕಿನ ದಂಡದ ಕೆಳತುದಿ, ಟ್ರನಿಯನ್ ಎಂಬ ಹಿತ್ತಾಳೆ ಬಣ್ಣದ ಬುಡದೊಳಗೆ ಸ್ಕ್ರೂನಂಥ ಥ್ರೆಡ್‌ನಿಂದ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಥ್ರೆಡ್ ತಿರುಗಬೇಕು. ಅದಕ್ಕೆ ಹಾಕಬೇಕಾದ್ದು ಇ.ಪಿ.90 ಗೇರ್ ಆಯಿಲ್. ಅಲ್ಲೊಂದು ನಿಪ್ಪಲ್ ಜಾಗ ಕಂಡ ಕೂಡಲೇ ಗ್ಯಾರೇಜಿನ ಹುಡುಗರು ಗ್ರೀಸ್ ಹೊಡೆದುಬಿಡುತ್ತಾರೆ. ಗ್ರೀಸ್ ಗಟ್ಟಿಯಾಗಿ ಥ್ರೆಡ್ಡಿನ ಕೆಳಗೆ ಇಳಿಯುವುದೇ ಇಲ್ಲ. ನೀರು ಸೇರಿ ಉಕ್ಕು ತುಕ್ಕು ಹಿಡಿದು, ಒಂದು ದಿನ ತಿರುವಿನಲ್ಲಿ ದಂಡ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಗ್ರೀಸ್ ಇದ್ದರೆ ಬಿಚ್ಚಿಸಿ, ತೊಳೆಸಿ, ಥ್ರೆಡ್ ಮೇಲೆ ಗುಳಿ ಬಿದ್ದಿದೆಯೇ ನೋಡಿ, ಕೆಳಗಿನ ಸೀಲ್ ಹೊಸದು ಹಾಕಿ ಆಯಿಲ್ ತುಂಬಿಸಿ. ಇಲ್ಲಿನ ಸ್ಪಿಟ್‌ಫೈರ್ ಇಟ್ಟುಕೊಂಡವರಿಗೂ ಇದೇ ಮಾತು ಅನ್ವಯ. ಎಂ.ಜಿ.ಬಿ.ಯ ಕಿಂಗ್‌ಪಿನ್‌ಗೆ (ಮುಂಚಕ್ರ ತಿರುಗುವ ದಂಡಕ್ಕೆ) ಮಾತ್ರ ಗ್ರೀಸೇ ಬೇಕು, 3,000 ಮೈಲಿಗೊಮ್ಮೆ, ಚಕ್ರ ನೆಲದಿಂದ ಎತ್ತಿ.

ಮಿಲ್ಟನ್ ಕೀನ್ಸ್‌ನಿಂದ: ನನಗೆ ರಿಪೇರಿ ಬರುವುದಿಲ್ಲ, ಕಲಿಯಲು ಸಮಯವೂ ಇಲ್ಲ. ತೆರೆದ ಕಾರಿನ ಆಸೆ ಮಾತ್ರ ಇದೆ.

ಮಜ್ದಾ ಎಂ.ಎಕ್ಸ್.-5 ತೆಗೆದುಕೊಳ್ಳಿ, ಸಂಕೋಚ ಬೇಡ. 1989ರಲ್ಲಿ ಬಂದ ಮೊದಲ ಮಾದರಿಯೂ ಈಗ ಹಳೆಯ ಕಾರೇ. ಹಳೆಯ ಬ್ರಿಟಿಷ್ ರೋಡ್‌ಸ್ಟರ್‌ಗಳ ಖುಷಿಯನ್ನೇ ಮನಸ್ಸಿನಲ್ಲಿಟ್ಟು, ಜಪಾನಿನವರು ತಮ್ಮ ಅಚ್ಚುಕಟ್ಟಿನಿಂದ ಮಾಡಿದ್ದು. ಹುಡ್ ಮೇಲಿನ ನೀರು ಸೀಟಿನ ಹಿಂದೆ ಎರಡು ಬದಿಯ ತೂತುಗಳಿಂದ ಕೆಳಗೆ ಹೋಗುತ್ತದೆ. ಅವು ಕಟ್ಟಿಕೊಂಡರೆ ಇದರ ಸಿಲ್ಲೂ ಕೊಳೆಯುತ್ತದೆ. ವರ್ಷಕ್ಕೆರಡು ಸಲ ಮೆತ್ತನೆ ಪ್ಲಾಸ್ಟಿಕ್ ಕೊಳವೆ ತೂರಿಸಿ ಅವನ್ನು ಬಿಡಿಸಿ. ಕೊಳ್ಳುವಾಗ ಹಿಂಚಕ್ರದ ಮುಂದಿನ ಸಿಲ್ ಭಾಗವನ್ನು ಬಗ್ಗಿ ನೋಡಿ.

ಕಾರ್ಡಿಫ್‌ನಿಂದ: ನನ್ನ ಎಂ.ಜಿ.ಬಿ.ಗೆ ತಂತಿ ಕಡ್ಡಿಗಳ ಚಕ್ರ. ರಿವರ್ಸ್ ಹಾಕಿ ಕ್ಲಚ್ ಬಿಟ್ಟಾಗ ಹಿಂದೆ ‘ಟಣ್’ ಅನ್ನುತ್ತದೆ. ನಡುವಿನ ನಟ್ಟನ್ನು ಬಿಗಿದರೆ ಹೋಗುತ್ತದೆಯೇ?

ಮೊದಲು ನಟ್ ಬಿಗಿಯಾಗಿದೆಯೇ ನೋಡಿ. ತಾಮ್ರದ ಸುತ್ತಿಗೆಯಿಂದ ಹೊಡೆಯಬೇಕು, ಕಬ್ಬಿಣದ್ದು ಬೇಡ. ಕಾರಿನ ಎಡಬದಿಯ ನಟ್ಟುಗಳು ಮಾಮೂಲಿ ಥ್ರೆಡ್, ಬಲಬದಿಯವು ಉಲ್ಟಾ ತಿರುಗುವ ಎಡ ಥ್ರೆಡ್. ಕಾರು ಮುಂದೆ ಹೋಗುವಾಗ ಚಕ್ರ ಉರುಳುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತವೆ, ಅದರ ವಿರುದ್ಧ ದಿಕ್ಕಿಗೆ ಬಿಗಿಯಾಗುತ್ತವೆ. ಹಿಂದೆ ಯಾರಾದರೂ ಆಕ್ಸಲ್ ಬಿಚ್ಚಿ ಹಬ್‌ಗಳನ್ನು (ಚಕ್ರ ಕೂರುವ ನಡುಭಾಗ) ಅದಲು ಬದಲು ಹಾಕಿದ್ದರೆ ಓಡುತ್ತ ಓಡುತ್ತ ಚಕ್ರವೇ ಕಳಚುತ್ತದೆ. ಆದ್ದರಿಂದ ಎಡಬದಿಯ ನಟ್ ಯಾವ ಕಡೆಗೆ ಬಿಚ್ಚುತ್ತದೆ ಎಂದು ಇವತ್ತೇ ಪರೀಕ್ಷಿಸಿ.

ನಟ್ ಬಿಗಿಯಿದ್ದೂ ಸದ್ದು ಬಂದರೆ ಹಬ್ ಮೇಲಿನ ಸ್ಪ್ಲೈನ್ ಹಲ್ಲುಗಳು ಸವೆದಿವೆ. ಒಬ್ಬರು ಬ್ರೇಕ್ ಒತ್ತಿ ಕೂರಲಿ, ನೀವು ಜಾಕ್ ಮೇಲೆ ಎತ್ತಿದ ಚಕ್ರವನ್ನು ಹಿಂದೆ ಮುಂದೆ ಅಲುಗಾಡಿಸಿ. ಹಬ್ ನಿಂತಿದ್ದು ಚಕ್ರ ಮಾತ್ರ ಅಲುಗಿದರೆ ಸಂಶಯ ಬೇಡ. ಚಕ್ರ ತೆಗೆದು ಹಲ್ಲಿನ ಮೇಲೆ ಬೆರಳಾಡಿಸಿ, ತುದಿ ಚಪ್ಪಟೆಯಾಗಿರಬೇಕು, ಗರಗಸದಂತೆ ಚೂಪಾಗಿದ್ದರೆ ಹಬ್ಬೂ ಚಕ್ರವೂ ಒಟ್ಟಿಗೇ ಹೊಸದು ಹಾಕಿ. ಹಳೆ ಹಬ್ ಮೇಲೆ ಹೊಸ ಚಕ್ರ ಹಾಕಿದರೆ ಹೊಸದೂ ಬೇಗ ಸವೆಯುತ್ತದೆ. ಕೂರಿಸುವಾಗ ಹಲ್ಲಿಗೆಲ್ಲ ಗ್ರೀಸ್ ಸವರಿ. ಒಳಗೆ ಟ್ಯೂಬ್ ಇರಲೇಬೇಕು, ಕಡ್ಡಿಗಳ ತೂತಿನಲ್ಲಿ ಗಾಳಿ ನಿಲ್ಲುವುದಿಲ್ಲ. ಮೊದಲ 50 ಮೈಲಿ ಓಡಿಸಿದ ಮೇಲೆ ನಾಲ್ಕೂ ನಟ್ಟುಗಳಿಗೆ ಮತ್ತೊಮ್ಮೆ ಸುತ್ತಿಗೆ ತಾಗಿಸಿ ನೋಡಿ.